ಮಂಗಳಮ್ಮನ ಮೊರಕ್ಕೆ ಬಿದ್ದ ಹುಳ

ಮಂಗಳಮ್ಮನ ಸೌದೆ ರಾಶಿಗೆ ಬೆಂಕಿ ಇಡಬೇಕೆಂದು ಊರು ತೀರ್ಮಾನ ಮಾಡಿದ್ದು ಒಂದೇ ಒಂದು ಮಾತಿನ ಮೇಲೆ. ಆ ಮಾತು ಆಡಿದವಳು ಅವಳ ಹೊಟ್ಟೆಯಲ್ಲಿ ಹುಟ್ಟಿದ ಮಗಳು ಪವಿತ್ರ. ಹೊರಗಿನವರು ಯಾರಾದರೂ ಆಡಿದ್ದರೆ ಮಂಗಳಮ್ಮ ನಿಂತ ಜಾಗದಲ್ಲೇ ಅವರ ನೀರಿಳಿಸಿಬಿಡುತ್ತಿದ್ದಳು. ಮಗಳಾದ್ದರಿಂದ ಒಂದು ರಾತ್ರಿ ಮಾತು ಬಿಟ್ಟಳು, ಬೆಳಿಗ್ಗೆ ಎದ್ದು ಬೈದಳು.

ಬಿಳಿಗೆರೆಯಿಂದ ಆಚೆ, ನಾಲೆ ಏರಿಯ ಕೆಳಗೆ, ಹೊಂಗೆ ಮರದ ಅಡಿಯಲ್ಲಿ ಆ ರಾಶಿ ಇತ್ತು. ತೋಟದವರು ಸವರಿ ಬಿಸಾಕಿದ ಕೊಂಬೆ, ಗಾಳಿಗೆ ಮುರಿದ ಹುಣಸೆ ರೆಂಬೆ, ತೆಂಗಿನ ಒಣ ಮಟ್ಟೆ ಎಲ್ಲವನ್ನೂ ಮಂಗಳಮ್ಮ ತಲೆಯ ಮೇಲೆ ಹೊತ್ತು ತಂದು ಒಟ್ಟಿದ್ದಳು. ಗಂಡ ನಾಗಯ್ಯ ನಂಜನಗೂಡಿನ ಫ್ಯಾಕ್ಟರಿಯೊಂದಕ್ಕೆ ಲೋಡಿಂಗ್ ಕೆಲಸಕ್ಕೆ ಹೋಗುತ್ತಿದ್ದ. ಅವನ ಶಿಫ್ಟು ಅವನಿಗೆ, ಇವಳ ಸೌದೆ ಇವಳಿಗೆ. ಮದುವೆ ಕಾಲ ಬಂತೆಂದರೆ ನಂಜನಗೂಡಿನ ಅಡುಗೆ ಕಂಟ್ರಾಕ್ಟರ್ ಮಂಟೇಸ್ವಾಮಿ ಛತ್ರದ ಒಲೆಗಳಿಗೆಲ್ಲ ಇವಳ ಸೌದೆಯನ್ನೇ ತರಿಸುತ್ತಿದ್ದ. ಹೊಗೆ ಬರದ ಸೌದೆ ಬೇಕೆಂದರೆ ಮಂಗಳಮ್ಮನದೇ ಆಗಬೇಕು ಎಂದು ಊರೆಲ್ಲ ಹೇಳುತ್ತಿದ್ದ. ಒಂದು ವರ್ಷ ಕೂಡಿಸಿದ ಬೆವರು ಆ ಹೊಂಗೆಯ ನೆರಳಿನಲ್ಲಿ ಕೂತಿತ್ತು.

ಅವಳದು ಒಂದು ಪದ್ಧತಿ ಇತ್ತು. ಹೊರೆ ಕಟ್ಟುವ ಮೊದಲು ಪ್ರತಿ ಕೊಂಬೆಯನ್ನೂ ಮೊರದ ಮೇಲೆ ಹಿಡಿದು ಮೂರು ಸಲ ಬಡಿಯಬೇಕು. ಒಳಗಿರುವ ಇರುವೆ, ಚೇಳು, ಹುಳ ಎಲ್ಲ ಉದುರಬೇಕು. ಉದುರಿದ್ದನ್ನು ರಾಶಿಯ ಬುಡಕ್ಕೇ ವಾಪಸು ಸುರಿಯಬೇಕು. ಇದು ಅವಳ ಅತ್ತೆ ಮರಿತಾಯಮ್ಮ ಹಾಕಿಕೊಟ್ಟ ಕಟ್ಟಲೆ. "ಒಲೆಗೆ ಇಕ್ಕೋದು ಸೌದೆಯ ಕಣವ್ವ, ಜೀವವ ಅಲ್ಲ" ಅನ್ನುತ್ತಿದ್ದಳು ಮುದುಕಿ. ಅತ್ತೆ ಹೋಗಿ ಹನ್ನೆರಡು ವರ್ಷವಾಗಿತ್ತು. ದಾರಿಹೋಕರು ಮಂಗಳಮ್ಮ ಸೌದೆಗೆ ದೃಷ್ಟಿ ತೆಗೀತಾಳೆ ಎಂದು ನಗುತ್ತಿದ್ದರು. ಅವರು ನಕ್ಕಷ್ಟೂ ಇವಳು ಜೋರಾಗಿ ಬಡಿಯುತ್ತಿದ್ದಳು.

ಆ ಭಾನುವಾರ ಪವಿತ್ರ ಮನೆಯಲ್ಲಿದ್ದಳು. ಬಿಎಸ್ಸಿ ಮುಗಿಸಿ ತಿ. ನರಸೀಪುರದ ಕಾಲೇಜೊಂದರ ಜುವಾಲಜಿ ಲ್ಯಾಬಿನಲ್ಲಿ ಟೆಂಪೊರರಿಯಾಗಿ ಸೇರಿದ್ದ ಹುಡುಗಿ. ತಾಯಿ ಬಡಿಯುತ್ತಿದ್ದಳು, ಮಗಳು ಮೊರ ಹಿಡಿದಿದ್ದಳು. ನಾಲೆ ಏರಿಯ ಮೇಲೆ ಬೈಕಿನಲ್ಲಿ ಹೋಗುತ್ತಿದ್ದ ರಂಗನಾಯಕ ನಿಲ್ಲಿಸಿ ಇಳಿದು ಬಂದ. ಪಂಚಾಯ್ತಿ ಮೆಂಬರು, ರಾಶಿಯ ಪಕ್ಕದ ಹೊಲ ಅವನದು. ಹೊಲದ ತುಂಬ ಮೆಣಸಿನಗಿಡ, ಗಿಡದ ತುಂಬ ಮುದುರಿದ ಎಲೆ. ಔಷಧದ ಅಂಗಡಿಯವನು ಎಲೆ ಮುದುರಿಸುವ ಥ್ರಿಪ್ಸ್ ಹುಳ ಬಿದ್ದಿದೆ ಎಂದು ಹೇಳಿ ಕೊಟ್ಟ ಔಷಧವನ್ನು ಮೂರು ಸಲ ಹೊಡೆದು ಸಾಕಾಗಿ ಕೂತಿದ್ದ. ಮೊರದ ಮೇಲೆ ನುಚ್ಚಿನಕ್ಕಿಗಿಂತ ಸಣ್ಣ ಕರಿಹುಳಗಳು ಬಾಲ ಎತ್ತಿಕೊಂಡು ಓಡುವುದನ್ನು ಕಂಡು ಇವೇನು ಎಂದು ಕೇಳಿದ.

ಪವಿತ್ರಳಿಗೆ ಗೊತ್ತಿತ್ತು. ಗೊತ್ತಿದ್ದನ್ನು ಯಾರಾದರೂ ಕೇಳಲಿ ಎಂದು ಕಾಯುವ ವಯಸ್ಸು. "ಇವು ಥ್ರಿಪ್ಸ್ ಕಣಣ್ಣ" ಅಂದುಬಿಟ್ಟಳು.

ಮಾತು ನಿಜ. ಕಷ್ಟ ಇರುವುದೇ ಅಲ್ಲಿ. ಸುಳ್ಳಾಗಿದ್ದರೆ ಸುಳ್ಳು ಎಂದು ಹೇಳಿ ಮುಗಿಸಬಹುದಿತ್ತು. ರಂಗನಾಯಕ ಮೊರದ ಫೋಟೊ ತೆಗೆದುಕೊಂಡ, ಮೆಣಸಿನಕಾಯಿ ಬೆಳೆಯುವವರ ವಾಟ್ಸಾಪ್ ಗುಂಪಿಗೆ ಹಾಕಿದ, ಥ್ರಿಪ್ಸ್ ಗೂಡು ಸಿಕ್ಕಿತು ಎಂದು ಬರೆದ. ಸಂಜೆಯೊಳಗೆ ಸುತ್ತ ಮೂರು ಊರಿನ ಮೆಣಸಿನಗಿಡದ ಪಾಪವೆಲ್ಲ ಮಂಗಳಮ್ಮನ ತಲೆಗೆ ಬಂತು.

ಸೋಮವಾರ ಸಂಜೆ ಹಾಲಿನ ಡೈರಿಯ ಮುಂದೆ ಪಂಚಾಯ್ತಿ ಸೇರಿತು. ಕ್ಯಾನು ಹಿಡಿದು ನಿಂತವರೆಲ್ಲ ಒಂದೊಂದು ಮಾತು ಹಾಕಿದರು. ಜವರಯ್ಯ ತನ್ನ ಬದನೆಕಾಯಿ ಹಾಳಾದದ್ದೂ ಅದರಿಂದಲೇ ಅಂದ. ಕಳೆದ ವರ್ಷದ ಟೊಮೆಟೊ ನಷ್ಟಕ್ಕೂ ಅದೇ ಕಾರಣ ಎಂದು ಇನ್ನೊಬ್ಬ ಸೇರಿಸಿದ. ಆ ಟೊಮೆಟೊ ಕಾಲಕ್ಕೆ ಈ ರಾಶಿಯ ಒಂದು ಕೊಂಬೆಯೂ ಅಲ್ಲಿಗೆ ಬಂದಿರಲಿಲ್ಲ ಎಂಬುದು ಯಾರಿಗೂ ಬೇಕಾಗಿರಲಿಲ್ಲ. ಕೊನೆಗೆ ರಂಗನಾಯಕ ತೀರ್ಪು ಕೊಟ್ಟ.

"ಸುಕ್ರವಾರ ಸಂಜೆ ಒಳಗೆ ರಾಸಿ ಅಲ್ಲಿರಬಾರ್ದು ಮಂಗಳಮ್ಮ. ಇದ್ರೆ ನಾವೇ ಬೆಂಕಿ ಇಕ್ತೀವಿ. ಆಮೇಲೆ ಮೆಂಬ್ರು ಇಂಗ್ ಮಾಡುದ್ರು ಅನ್ಬೇಡ."

ಎತ್ತಿ ಎಲ್ಲಿಗೆ ಸಾಗಿಸುವುದು? ಎಲ್ಲಿಗೆ ಸಾಗಿಸಿದರೂ ಆ ಮಾತು ರಾಶಿಗಿಂತ ಮುಂಚೆ ಅಲ್ಲಿಗೆ ಹೋಗಿ ಕೂತಿರುತ್ತಿತ್ತು. ಮಂಗಳವಾರ ಬೆಳಿಗ್ಗೆ ಮಂಟೇಸ್ವಾಮಿಯೇ ಫೋನು ಮಾಡಿ, ನಿಮ್ಮ ಸೌದೆಗೆ ರೋಗ ಬಿದ್ದಿದೆಯಂತಲ್ಲ, ಈ ಸಲ ಬೇಡ ಬಿಡಿ ಅಂದ. ಪವಿತ್ರ ಅಳುತ್ತ, ರಾಶಿಯನ್ನು ಸಿಕ್ಕ ಬೆಲೆಗೆ ಇಟ್ಟಿಗೆ ಗೂಡಿಗೆ ಹಾಕಿಬಿಡೋಣ ಅವ್ವ ಎಂದಳು. ಮಂಗಳಮ್ಮನಿಗೆ ಮೈಯೆಲ್ಲ ಉರಿಯಿತು. ತಪ್ಪು ಮಾಡಿದವರು ಜಾಗ ಖಾಲಿ ಮಾಡುತ್ತಾರೆ, ನಾನೇನು ಮಾಡಿದ್ದೇನೆ ಎಂದು ಕೇಳಿದಳು.

"ನೀನು ಅರ್ಧ ಮಾತಾಡಿ ಬಂದಿದ್ದೀಯೆ. ಇನ್ನರ್ಧ ಎಲ್ಲಿ ಅದೆ? ನಿಮ್ಮ ಲ್ಯಾಬಿನ ಮೇಡಮ್ಮನ ತಾವ ಅದಾ? ನಡಿ, ನಾನೂ ಬತ್ತೀನಿ" ಅಂದಳು.

ಬುಧವಾರ ತಾಯಿ ಮಗಳು ಬಸ್ಸು ಹತ್ತಿದರು. ನಂಜನಗೂಡಿನಲ್ಲಿ ಇಳಿದು ತಿ. ನರಸೀಪುರದ ಬಸ್ಸು ಹಿಡಿದರು. ಪವಿತ್ರಳ ಬ್ಯಾಗಿನಲ್ಲಿ ಸ್ಪಿರಿಟ್ಟಿನಲ್ಲಿ ಹುಳ ಹಾಕಿದ ಎರಡು ಸಣ್ಣ ಬಾಟಲು. ಮಂಗಳಮ್ಮನ ಮಡಿಲಲ್ಲಿ ಗೋಣಿತಾಟು ಸುತ್ತಿದ ಹೊಂಗೆ ಕೊಂಬೆ, ಅದರೊಳಗೆ ಜೀವಂತ ಹುಳ. ಪಕ್ಕದ ಸೀಟಿನವನು ಕೊಂಬೆ ಕಾಲಿಗೆ ತಾಗುತ್ತದೆ ಎಂದು ಗೊಣಗಿದ. ಮಂಗಳಮ್ಮ ಅವನ ಕಡೆ ಒಂದು ಸಲ ನೋಡಿದಳು, ಅವನು ಎದ್ದು ಹಿಂದಿನ ಸೀಟಿಗೆ ಹೋದ.

ಲ್ಯಾಬಿನ ಶಾಂತಿ ಮೇಡಂ ಸೂಕ್ಷ್ಮದರ್ಶಕದ ಮೇಲೆ ಬಗ್ಗಿ ನೋಡಿ, ಥ್ರಿಪ್ಸ್ ಹೌದು, ಅನುಮಾನವೇ ಇಲ್ಲ ಎಂದರು. ಮಂಗಳಮ್ಮ ಕೊಂಬೆಯ ಗಂಟನ್ನು ಮೇಜಿನ ಮೇಲಿಟ್ಟಳು.

"ನೀವೂ ಅದ್ನೇ ಅಂದ್ರೆ ಎಂಗೆ ಮೇಡಮ್ಮಾರೆ? ಅಷ್ಟ ಕೇಳಕೆ ಎರಡು ಬಸ್ಸು ಅತ್ತುಬೇಕಿತ್ತಾ?"

ಮೇಡಂಗೆ ನಗು ಬಂತು, ಆದರೆ ಒಳ್ಳೆಯ ಹೆಂಗಸು, ಸ್ಟೂಲು ಎಳೆದು ಕೂರಿಸಿ ಬಿಡಿಸಿ ಹೇಳಿದರು. ಥ್ರಿಪ್ಸ್ ಎಂದರೆ ಒಂದು ಹುಳ ಅಲ್ಲ. ಅದರಲ್ಲಿ ಸಾವಿರಾರು ಬಗೆ. ಹೂವು ತಿನ್ನುವುದಿದೆ, ಎಲೆಯ ರಸ ಹೀರುವುದಿದೆ, ಒಣಗಿದ ಕೊಂಬೆಯ ಮೇಲಿನ ಬೂಷ್ಟನ್ನು ಬಿಟ್ಟು ಬೇರೇನೂ ಮುಟ್ಟದ್ದೂ ಇದೆ. ಯಾವುದು ಯಾವುದೆಂದು ಗುರುತಿಸಲು ಒಂದು ಪುಸ್ತಕ ಇದೆ. ಅದು ಒಂದೊಂದೇ ಪ್ರಶ್ನೆ ಕೇಳುತ್ತದೆ, ಪ್ರತಿ ಪ್ರಶ್ನೆಗೂ ಎರಡು ದಾರಿ. ಬಾಲದ ತುದಿ ಕೊಳವೆಯಂತೆ ಇದೆಯೋ ಇಲ್ಲವೋ? ಬಾಯೊಳಗಿನ ಸೂಜಿ ಸಣ್ಣದೋ ಅಗಲವೋ? ಸೌದೆಯನ್ನು ಹೊಂಗೆಯೋ ಹುಣಸೆಯೋ, ಹಸಿಯೋ ಒಣಗಿದ್ದೋ ಎಂದು ಬೇರೆ ಮಾಡಿದ ಹಾಗೆ ಎಂದುಕೊಂಡಳು ಮಂಗಳಮ್ಮ. ಇಷ್ಟಕ್ಕೆ ಎಂ.ಎಸ್ಸಿ. ಓದಬೇಕಾ ಎಂದೂ ಅನ್ನಿಸಿತು, ಆದರೆ ಬಾಯಿಬಿಟ್ಟು ಹೇಳಲಿಲ್ಲ.

ಪವಿತ್ರ ಇನ್ನೂ ಕಪ್ಪಾಗದ ಒಂದು ಮರಿಹುಳವನ್ನು ಗಾಜಿನ ಮೇಲೆ ಹನಿಯಲ್ಲಿಟ್ಟು, ಮೇಲೆ ತೆಳು ಗಾಜು ಮುಚ್ಚಿ, ಅವ್ವ ನೋಡು ಎಂದಳು. ಮಂಗಳಮ್ಮ ಒಂದು ಕಣ್ಣು ಮುಚ್ಚಿ ಬಗ್ಗಿದಳು. ಮೊದಲು ಅವಳ ರೆಪ್ಪೆಯೇ ಕಂಡಿತು. ಆಮೇಲೆ ಕಂಡಿತು ಹುಳದ ಮೈ, ಗಾಜಿನಷ್ಟೇ ತಿಳಿ. ಅದರ ಹೊಟ್ಟೆಯ ತುಂಬ ಕರೀ ಕಾಳು. ಹೊಂಗೆ ಸೌದೆ ಮುಟ್ಟಿದಾಗ ಕೈಗೆ ಹತ್ತುವ ಕಪ್ಪು ಅದು. ದಿನಾ ಸಂಜೆ ಸೋಪು ಹಾಕಿ ತೊಳೆಯುವ ಕಪ್ಪು ಅವಳಿಗೆ ಗೊತ್ತಾಗದೆ ಇರುತ್ತದೆಯೇ? ಇದು ಬೂಷ್ಟು, ನನ್ನ ಸೌದೆಯ ಬೂಷ್ಟು ಎಂದಳು.

ಪುಸ್ತಕದ ಕೊನೆಯ ಪ್ರಶ್ನೆಗೆ ಬಂದು ಮೇಡಂ ನಿಂತುಬಿಟ್ಟರು. ಹತ್ತಿರದಲ್ಲಿ ಹೋಲುವ ಬಗೆ ಒಂದಿತ್ತು. ಯಾರೋ ಯಾವ ಕಾಲದಲ್ಲೋ ಹಿಡಿದ ಹೆಣ್ಣುಹುಳ ಒಂದನ್ನೇ ನೋಡಿ ಬರೆದದ್ದು. ಗಂಡನ್ನು ಕಂಡವರೇ ಇಲ್ಲ. ಪವಿತ್ರಳ ಎರಡನೆಯ ಬಾಟಲಿನಲ್ಲಿ ಮುಂಗಾಲು ಊದಿದಂತೆ ದಪ್ಪ ಇರುವ ಹುಳಗಳಿದ್ದವು. ಅವು ಬೇರೆ ಜಾತಿ ಎಂದು ಅವಳು ಬೇರೆ ಬಾಟಲಿಗೆ ಹಾಕಿ, ಬೇರೆ ಚೀಟಿ ಅಂಟಿಸಿದ್ದಳು.

ಮಂಗಳಮ್ಮ ಆ ಬಾಟಲನ್ನು ಬೆಳಕಿಗೆ ಹಿಡಿದು ನೋಡಿ, ಇವನ್ನು ಯಾಕೆ ಬೇರೆ ಮಾಡಿದೆ ಎಂದು ಮಗಳನ್ನು ಗದರಿದಳು. "ಇವು ಪೈಲ್ವಾನ್ರು ಕಣೇ. ಮೊಟ್ಟೆ ಇರೋ ತಾವ ಕಾವಲು ಕುಂತಿರ್ತವೆ. ಇನ್ನೊಂದು ಅತ್ರ ಬಂದ್ರೆ ಎತ್ತಿ ಒಗಿತವೆ. ಒಂದೇ ಕೊಂಬೆ, ಒಂದೇ ಮನೆ. ದಿನಾ ಮೊರದ ಮ್ಯಾಲೆ ನೋಡಕಿಲ್ವಾ ನಾನು?"

ಮೇಡಂ ಕನ್ನಡಕ ತೆಗೆದಿಟ್ಟರು. ಎರಡೂ ಬಾಟಲಿನ ಹುಳಗಳನ್ನು ಅಕ್ಕಪಕ್ಕ ಇಟ್ಟು ಮೀಸೆಯ ಗೆಣ್ಣು ಎಣಿಸಿದರು, ಬೆನ್ನಿನ ಕೂದಲು ಎಣಿಸಿದರು, ಎಣಿಸುತ್ತ ಮುಕ್ಕಾಲು ಗಂಟೆ ಹೋಯಿತು. ಆಮೇಲೆ ಪವಿತ್ರ ಅಂಟಿಸಿದ್ದ ಎರಡನೆಯ ಚೀಟಿಯನ್ನು ಕಿತ್ತುಹಾಕಿದರು. ಎರಡೂ ಒಂದೇ, ಇವು ಅದರ ಗಂಡು ಎಂದರು.

ಆದರೆ ಬರೆದುಕೊಡಿ ಎಂದಾಗ ಮೇಡಂ ಹಿಂದೆಗೆದರು. ಬೆಂಗಳೂರಿನಲ್ಲಿ ಇದನ್ನೇ ಓದಿದ ತಜ್ಞರಿಗೆ ಕಳಿಸಬೇಕು, ತಿಂಗಳೋ ಎರಡು ತಿಂಗಳೋ ಆಗುತ್ತದೆ, ಹೆಸರು ಗಟ್ಟಿಯಾಗದೆ ಸಹಿ ಹಾಕಲಾಗುವುದಿಲ್ಲ ಎಂದರು. ಅದುವರೆಗೆ ಮೇಡಂ ಎದುರು ದನಿ ಎತ್ತದ ಪವಿತ್ರ ಅಂದು ಎತ್ತಿದಳು.

"ಹೆಸರಿಗೆ ಎರಡು ತಿಂಗಳು ಬೇಕು ಮೇಡಂ. ಇದು ಮೆಣಸಿನಗಿಡ ತಿನ್ನಲ್ಲ ಅನ್ನೋದಕ್ಕೆ ಈ ಗಾಜು ಸಾಕು. ನಾನು ಅರ್ಧ ಹೇಳಿ ಅವ್ವನ ಸೌದೆಗೆ ಬೆಂಕಿ ತಂದೆ. ನೀವೂ ಅರ್ಧಕ್ಕೇ ನಿಂತ್ರೆ ನಾವು ಯಾರನ್ನ ಕೇಳೋದು?"

ಮೇಡಂ ಎದ್ದು ಬೀರು ತೆಗೆದು, ಕರೆಂಟು ಬೇಡದ ಹಳೇ ಸೂಕ್ಷ್ಮದರ್ಶಕ ಒಂದನ್ನು ಹೊರಗಿಟ್ಟು, ರಿಜಿಸ್ಟರಿನಲ್ಲಿ ತಮ್ಮ ಹೆಸರಿಗೇ ಬರೆದುಕೊಂಡರು. ಶುಕ್ರವಾರ ನಾನೇ ಬರುತ್ತೇನೆ, ಎಲ್ಲಿಗೆ ಬರಲಿ ಎಂದು ಕೇಳಿದರು.

ಮಂಗಳಮ್ಮ ಬಸ್ಸಿನಲ್ಲೇ ಯೋಚನೆ ಮಾಡಿಟ್ಟಿದ್ದಳು. ಡೈರಿಗೆ ಬನ್ನಿ ಎಂದಳು. ಊರಿನಲ್ಲಿ ಯಾರ ಮಾತನ್ನು ಯಾರೂ ನಂಬುವುದಿಲ್ಲ. ಆದರೆ ಡೈರಿಯಲ್ಲಿ ಹಾಲಿನ ಫ್ಯಾಟು ನೋಡುವ ಮಷೀನು ಹೇಳಿದ್ದಕ್ಕೆ ಮೆಂಬರೂ ತಲೆ ಬಗ್ಗಿಸುತ್ತಾನೆ. ಮಷೀನಿನ ಪಕ್ಕದಲ್ಲಿ ಇನ್ನೊಂದು ಮಷೀನು ಇರಲಿ.

ಶುಕ್ರವಾರ ಸಂಜೆ ಬಿಸಿಲು ಇನ್ನೂ ಇರುವಾಗಲೇ ಡೈರಿಯ ಕಾರ್ಯದರ್ಶಿ ಶಿವು ಫ್ಯಾಟಿನ ಮಷೀನನ್ನು ಒಂದು ಗೇಣು ಸರಿಸಿ ಸೂಕ್ಷ್ಮದರ್ಶಕಕ್ಕೆ ಜಾಗ ಮಾಡಿಕೊಟ್ಟ. ಮಂಗಳಮ್ಮ ಬಾಗಿಲಲ್ಲಿ ಸೊಂಟಕ್ಕೆ ಕೈಯಿಟ್ಟು ನಿಂತು, ನೋಡದವರ ಹಾಲು ಇವತ್ತು ಒಳಗೆ ಹೋಗಕೂಡದು ಎಂದಳು. ಅವಳಿಗೆ ಆ ಅಧಿಕಾರ ಯಾರು ಕೊಟ್ಟರೆಂದು ಯಾರೂ ಕೇಳಲಿಲ್ಲ. ಸಾಲು ಮುಂದೆ ಸರಿಯಿತು. ಒಬ್ಬೊಬ್ಬರೂ ಬಗ್ಗಿ ನೋಡಿದರು. ಮುದುಕಿ ರಾಚಮ್ಮ ನೋಡಿ, ಹೊಟ್ಟೆಯಲ್ಲಿ ಸಾಸಿವೆ ತುಂಬಿದಂತೆ ಇದೆಯಲ್ಲವ್ವ ಎಂದಳು. ಜವರಯ್ಯ ಎರಡು ಸಲ ನೋಡಿದ, ಬದನೆಕಾಯಿ ಸುದ್ದಿ ಎತ್ತಲಿಲ್ಲ.

ರಂಗನಾಯಕ ಬಂದಾಗ ಅವನ ಹಿಂದೆ ಇಬ್ಬರಿದ್ದರು, ಒಬ್ಬನ ಕೈಯಲ್ಲಿ ಸೀಮೆಎಣ್ಣೆ ಕ್ಯಾನು. ಶಾಂತಿ ಮೇಡಂ ಅವನನ್ನು ಮರ್ಯಾದೆಯಿಂದಲೇ ಮಾತಾಡಿಸಿದರು. ನಿಮ್ಮ ಹೊಲದ ಹುಳವನ್ನೂ ಪಕ್ಕದಲ್ಲಿಟ್ಟು ನೋಡೋಣ, ಎರಡೂ ಒಂದೇ ಆದರೆ ನಾನು ಸುಮ್ಮನೆ ಹೊರಟುಹೋಗುತ್ತೇನೆ ಎಂದರು. ಅವನಿಗೆ ಅದು ನ್ಯಾಯವೆನಿಸಿತು. ಸಂಗಡಿಗನನ್ನು ಅಟ್ಟಿ ನಾಲ್ಕು ಕುಡಿ ಕೀಳಿಸಿ ತರಿಸಿದ.

ಪವಿತ್ರ ಎಲೆಯನ್ನು ಮಗುಚಿ ಗಾಜಿನ ಕೆಳಗಿಟ್ಟಳು. ನೋಡಿದಳು. ಇನ್ನೊಂದು ಎಲೆ ಇಟ್ಟಳು. ನಾಲ್ಕೂ ಕುಡಿ ಮುಗಿಯುವ ತನಕ ತಲೆ ಎತ್ತಲಿಲ್ಲ. ಈ ಹುಡುಗಿ ಮತ್ತೆ ಏನು ಹೇಳಿ ಏನು ತರುತ್ತಾಳೋ ಎಂದು ಮಂಗಳಮ್ಮನಿಗೆ ಹೆದರಿಕೆಯಾಯಿತು. ಪವಿತ್ರ ಮೇಡಂಗೆ ತೋರಿಸಿದಳು, ಮೇಡಂ ನೋಡಿ ತಲೆಯಾಡಿಸಿದರು. ಈ ಸಲ ಪವಿತ್ರ ಪೂರ್ತಿ ಹೇಳಿದಳು.

"ಅಣ್ಣ, ನಿಮ್ಮ ಕುಡೀಲಿ ಥ್ರಿಪ್ಸ್ ಒಂದೂ ಇಲ್ಲ. ಇದಕ್ಕೆ ಎಂಟು ಕಾಲಿದೆ. ಥ್ರಿಪ್ಸ್‌ಗೆ ಆರೇ ಕಾಲು. ಇದು ಮೈಟ್ ನುಸಿ. ಥ್ರಿಪ್ಸ್ ಬಿದ್ರೆ ಎಲೆ ಮೇಲಕ್ಕೆ ಮುದುರುತ್ತೆ. ನಿಮ್ಮದು ಕೆಳಕ್ಕೆ ಮುದುರಿದೆ, ನೋಡಿ. ನೀವು ಹೊಡೆದ ಔಷಧಿ ಇದಕ್ಕಲ್ಲ."

ಸಾಲಿನಲ್ಲಿದ್ದವರೆಲ್ಲ ಒಂದೊಂದು ಎಲೆ ಕಿತ್ತು ತಿರುಗಿಸಿ ನೋಡಿದರು. ಹೌದು, ಕೆಳಕ್ಕೇ ಮುದುರಿತ್ತು. ಯಾರೋ ಹಿಂದೆ ಕಿಸಕ್ಕನೆ ನಕ್ಕರು. ಆ ನಗು ಇಲ್ಲದಿದ್ದರೆ ರಂಗನಾಯಕ ಅಲ್ಲಿಗೇ ಬಿಡುತ್ತಿದ್ದನೋ ಏನೋ. ನಗು ಕೇಳಿ ಅವನ ಮುಖ ಕೆಂಪಗಾಯಿತು.

"ನಮ್ಮ ಒಲದ್ದು ಏನಾದ್ರಾಗಲಿ. ಇವಳ ರಾಸೀಲಿರೋದು ಥ್ರಿಪ್ಸೇ ತಾನೆ? ಮೇಡಮ್ಮೂ ಅದ್ನೇ ಅಂದವ್ರೆ. ಎಲ್ಲಾ ಒಂದೇ ವಂಸ. ಇವತ್ತು ಬೂಷ್ಟು ತಿಂತದೆ, ನಾಳೆ ಗಿಡಕ್ಕೆ ಬಾಯಾಕಕಿಲ್ಲ ಅನ್ನಕೆ ಏನ್ ಗ್ಯಾರಂಟಿ? ಸುಡದೇ ಸರಿ." ಕ್ಯಾನಿನವನಿಗೆ ಸನ್ನೆ ಮಾಡಿದ.

ಮಂಗಳಮ್ಮ ಬಾಗಿಲು ಬಿಟ್ಟು ಬಂದು ಅವನೆದುರು ನಿಂತಳು. ಕೂಗಾಡುತ್ತಾಳೆ ಎಂದು ಎಲ್ಲರೂ ಕಾದಿದ್ದರು. ಅವಳು ಕೂಗಲಿಲ್ಲ.

"ಮೆಂಬ್ರೇ, ಓದ್ವರ್ಸ ನಾಲೆ ಮ್ಯಾಲಿಂದ ಮೋಟ್ರು ಕದ್ದು ಸಿಗಾಕಂಡೋನು ಯಾರು? ನಿಮ್ಮ ತಮ್ಮನ ಮಗ. ನಿಮ್ದೇ ವಂಸ. ಊರೋರು ಯಾರಾದ್ರೂ ಸೀಮೆಎಣ್ಣೆ ಇಡ್ಕೊಂಡು ನಿಮ್ಮ ಮನೆ ತಾವ ಬಂದ್ರಾ? ಬರನಿಲ್ಲ. ಅವನು ಬ್ಯಾರೆ, ಮೆಂಬ್ರು ಬ್ಯಾರೆ ಅಂದ್ರು. ನಿಮ್ಮನ್ನ ಎಲ್ಲಾರೂ ಒಬ್ಬೊಬ್ಬರಾಗಿ ನೋಡ್ತಾರೆ. ನಮ್ಮಂತೋರ್ನ ಮಾತ್ರ ಯಾವತ್ತೂ ರಾಸಿಯಾಗೇ ನೋಡ್ತೀರಿ. ಆ ಗಾಜು ಅಲ್ಲೇ ಅದೆ. ಬಗ್ಗಿ ಒಂದೇ ಒಂದು ಉಳವ ನೋಡಿ. ನೋಡುದ್ಮ್ಯಾಲೂ ಸುಡಬೇಕು ಅನ್ಸುದ್ರೆ ನಾನೇ ಕಡ್ಡಿ ಗೀರ್ತೀನಿ."

ಡೈರಿಯೊಳಗೆ ಫ್ಯಾಟಿನ ಮಷೀನು ಒಂದು ಸಲ ಕೀ ಎಂದಿತು. ಕ್ಯಾನು ಹಿಡಿದವನು ಅದನ್ನು ಮೆಲ್ಲಗೆ ಕೆಳಗಿಟ್ಟ. ರಂಗನಾಯಕ ಅತ್ತ ನೋಡಿದ, ಇತ್ತ ನೋಡಿದ, ಯಾರೂ ಅವನ ಕಣ್ಣಿಗೆ ಕಣ್ಣು ಕೊಡಲಿಲ್ಲ. ಕೊನೆಗೆ ಟವಲನ್ನು ಹೆಗಲ ಮೇಲೆ ಸರಿಮಾಡಿಕೊಂಡು ಬಗ್ಗಿದ. ತುಂಬ ಹೊತ್ತು ಬಗ್ಗಿಯೇ ಇದ್ದ. ತಲೆ ಎತ್ತಿದಾಗ, ಕಂಡಿತಾ ಎಂದು ಮಂಗಳಮ್ಮ ಕೇಳಿದಳು. ಹೂಂ ಎಂದ.

ಹೂಂ ಅಂದರೆ ಅವಳಿಗೆ ಸಾಕಾಗಲಿಲ್ಲ. ಸೋಮವಾರ ಇದೇ ಜಾಗದಲ್ಲಿ ನಿಂತು ಬೆಂಕಿ ಎಂದ ಬಾಯಿ, ಇದೇ ಜಾಗದಲ್ಲಿ ನಿಂತು ಇದನ್ನೂ ಹೇಳಬೇಕು ಎಂದಳು. ಅವನು ಗಂಟಲು ಸರಿಮಾಡಿಕೊಂಡು, "ಮಂಗಳಮ್ಮನ ಸೌದೇಲಿ ನಮ್ಮ ಗಿಡದ ಉಳ ಇಲ್ಲ" ಎಂದ. ಶಿವು ಅದನ್ನು ಮೊಬೈಲಿನಲ್ಲಿ ಹಿಡಿದು, ಫೋಟೊ ಹೋಗಿದ್ದ ಅದೇ ವಾಟ್ಸಾಪ್ ಗುಂಪಿಗೆ ಕಳಿಸಿದ. ಮಾರನೆಯ ಬೆಳಿಗ್ಗೆ ಮಂಟೇಸ್ವಾಮಿ ಫೋನು ಮಾಡಿ ಏನೂ ಆಗಿಲ್ಲವೆಂಬಂತೆ ಸೌದೆ ಕೇಳಿದ. ಮಂಗಳಮ್ಮ ಎರಡು ದಿನ ಆಟ ಆಡಿಸಿ ಆಮೇಲೆ ಕಳಿಸಿದಳು.

ಬೆಂಗಳೂರಿನ ಉತ್ತರ ಬರಲು ಎರಡೂವರೆ ತಿಂಗಳಾಯಿತು. ಮೇಡಂ ಅಂದುಕೊಂಡ ಬಗೆಯೇ ಸರಿ, ಗಂಡುಹುಳ ಸಿಕ್ಕಿದ್ದು ಇದೇ ಮೊದಲು ಎಂದಿತ್ತು. ಪವಿತ್ರ ಗಾಜಿನ ಸ್ಲೈಡು ಮನೆಗೆ ತಂದು, ಅದರ ಮೇಲಿನ ಚೀಟಿಯನ್ನು ತಾಯಿಗೆ ಓದಿ ಹೇಳಿದಳು. ಒಣಗಿದ ಹೊಂಗೆ ಕೊಂಬೆ, ಸೌದೆ ರಾಶಿ, ಸಂಗ್ರಹಿಸಿದವರು ಮಂಗಳಮ್ಮ. ಮಂಗಳಮ್ಮನಿಗೆ ಕಣ್ಣು ತುಂಬಿತು. ಅದನ್ನು ಮುಚ್ಚಿಕೊಳ್ಳಲು, ಪೈಲ್ವಾನನ ಕಾಲು ಸೊಟ್ಟಗೆ ಮಡಿಸಿದ್ದೀಯೆ ಎಂದು ಮಗಳನ್ನು ಬೈದಳು.

ಅದೇ ವಾರ ರಂಗನಾಯಕ ಹೊಂಗೆ ಮರದ ಬಳಿಗೆ ಬಂದ. ಮಗಳ ನಿಶ್ಚಿತಾರ್ಥಕ್ಕೆ ಸೌದೆ ಬೇಕಾಗಿತ್ತು. ಮಂಗಳಮ್ಮ ಇಲ್ಲ ಎನ್ನಲಿಲ್ಲ. ಹೊರೆಗೆ ಬೇಕಾದಷ್ಟು ಕೊಂಬೆ ಆರಿಸಿ ಅವನ ಮುಂದಿಟ್ಟು, ತಾನು ಮೊರ ಹಿಡಿದು ಕೂತಳು. ಅವನಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಆಮೇಲೆ ಪಂಚೆ ಎತ್ತಿ ಕಟ್ಟಿ ಕುಕ್ಕರಗಾಲಿನಲ್ಲಿ ಕೂತು, ಒಂದು ಕೊಂಬೆ ಎತ್ತಿಕೊಂಡು ಎರಡು ಸಲ ಬಡಿದು ಪಕ್ಕಕ್ಕಿಟ್ಟ.

ಮಂಗಳಮ್ಮ ಅದನ್ನೇ ತೆಗೆದು ಮತ್ತೆ ಅವನ ಕೈಗೆ ಕೊಟ್ಟಳು. "ಮೂರು ಸಲ, ಮೆಂಬ್ರೇ" ಎಂದಳು.

ಅವನು ಮೂರನೆಯ ಸಲ ಬಡಿದ. ಒಂದೇ ಒಂದು ಕರಿಹುಳ ಉದುರಿತು. ಅದು ಮೊರದ ಅಂಚಿನ ತನಕ ಓಡಿ, ಅವನ ಕಡೆಗೆ ಬಾಲ ಎತ್ತಿ ನಿಂತಿತು.